ನುಂಗಿದ ತುತ್ತು ಇಳಿಯದ ಮಕ್ಕಳು: ಅಕಲೇಸಿಯಾ ಮತ್ತು ಅದರ ಕೀಹೋಲ್ ಆಪರೇಷನ್

ಮಗು ಊಟ ಮಾಡಿದ ಸ್ವಲ್ಪ ಹೊತ್ತಿಗೆ ವಾಂತಿ ಮಾಡುತ್ತದೆ. ಅನ್ನದ ಅಗುಳು ಅಗುಳಾಗಿಯೇ ಹೊರಗೆ ಬರುತ್ತದೆ. ಹುಳಿ ವಾಸನೆ ಅಷ್ಟಾಗಿ ಇಲ್ಲ, ಹಸಿರು ಪಿತ್ತವೂ ಇಲ್ಲ. ಬೆಳಿಗ್ಗೆ ನೋಡಿದರೆ ದಿಂಬಿನ ಮೇಲೆ ರಾತ್ರಿ ಉಂಡಿದ್ದರ ಕಲೆ. ಇಷ್ಟು ಕಂಡರೆ ಒಂದು ಅನುಮಾನ ಬರಬೇಕು. ಈ ಊಟ ಹೊಟ್ಟೆಗೆ ಹೋಗಿ ವಾಪಸ್ ಬಂದಿಲ್ಲ. ಹೊಟ್ಟೆಯನ್ನು ಮುಟ್ಟಿಯೇ ಇಲ್ಲ.

ಹೀಗೆ ಮಾಡುವ ಕಾಯಿಲೆಗಳಲ್ಲಿ ಮುಖ್ಯವಾದದ್ದು ಅಕಲೇಸಿಯಾ. ಅನ್ನನಾಳದ ಕೆಳಗಿನ ತುದಿ, ಅಂದರೆ ಜಠರಕ್ಕೆ ಸೇರುವ ಜಾಗ, ತೆರೆಯಬೇಕಾದಾಗ ತೆರೆಯುವುದಿಲ್ಲ. ದೊಡ್ಡವರಲ್ಲೇ ಇದು ವರ್ಷಕ್ಕೆ ಲಕ್ಷಕ್ಕೆ ಒಬ್ಬರಿಗೆ ಬರುವ ಕಾಯಿಲೆ. ಮಕ್ಕಳಲ್ಲಿ ಇನ್ನೂ ಅಪರೂಪ. ಬ್ರಿಟನ್ನಿನ ಲೆಕ್ಕದ ಪ್ರಕಾರ ವರ್ಷಕ್ಕೆ 10 ಲಕ್ಷ ಮಕ್ಕಳಲ್ಲಿ ಸುಮಾರು ಇಬ್ಬರಿಗೆ ಮಾತ್ರ ಹೊಸದಾಗಿ ಪತ್ತೆಯಾಗುತ್ತದೆ. ಹಾಗಾಗಿ ಒಬ್ಬ ಮಕ್ಕಳ ಡಾಕ್ಟರು ಇಡೀ ವೃತ್ತಿಯಲ್ಲಿ ಇಂಥ ಒಂದೇ ಒಂದು ಮಗುವನ್ನೂ ನೋಡದೆ ನಿವೃತ್ತರಾಗಬಹುದು. ಕಾಯಿಲೆ ಬೇಗ ಪತ್ತೆಯಾಗದಿರಲು ಇದೇ ದೊಡ್ಡ ಕಾರಣ.

ಇದಕ್ಕೆ ಇರುವ ಒಳ್ಳೆಯ ಚಿಕಿತ್ಸೆ ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ ನಡೆಸುವ ಕೀಹೋಲ್ ಆಪರೇಷನ್. ಡಾಕ್ಟರುಗಳು ಲ್ಯಾಪರೋಸ್ಕೋಪಿಕ್ ಹೆಲ್ಲರ್ ಮಯಾಟಮಿ ಎನ್ನುತ್ತಾರೆ. ಇದರ ಬಗ್ಗೆ ಹೆತ್ತವರಿಗೆ ಮೊದಲು ಸಿಗುವ ಮಾಹಿತಿ 'ಗಾಯ ಚಿಕ್ಕದು, ಬೇಗ ಮನೆಗೆ ಹೋಗಬಹುದು' ಎಂಬುದು. ಅದು ನಿಜವೇ. ಆದರೆ ಒಳಗೆ ಏನು ಕತ್ತರಿಸುತ್ತಾರೆ, ಏನನ್ನು ಮುಟ್ಟದೆ ಬಿಡುತ್ತಾರೆ, ಏನು ಸರಿಯಾಗುತ್ತದೆ, ಏನು ಕೊನೆಯವರೆಗೂ ಸರಿಯಾಗುವುದಿಲ್ಲ ಎನ್ನುವುದು ಅದಕ್ಕಿಂತ ಮುಖ್ಯ.

ನುಂಗುವುದು ಅಂದರೆ ಏನು

ಅನ್ನನಾಳ ಅಂದರೆ ಸುಮ್ನೆ ಗಂಟಲಿನಿಂದ ಹೊಟ್ಟೆಗೆ ಇಳಿಬಿಟ್ಟ ಕೊಳವೆ, ಹಾಕಿದ್ದು ತಾನಾಗಿ ಕೆಳಗೆ ಬೀಳುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಿದ್ದರೆ ತಲೆಕೆಳಗಾಗಿ ನಿಂತವರು ಏನನ್ನೂ ನುಂಗಲು ಆಗುತ್ತಿರಲಿಲ್ಲ ಅಲ್ವಾ? ಆದರೆ ನುಂಗಬಹುದು. ಯಾಕೆಂದರೆ ಅನ್ನನಾಳದ ಗೋಡೆಯಲ್ಲಿ ಎರಡು ಪದರ ಸ್ನಾಯು ಇದೆ. ಒಳಗಿನ ಪದರ ಬಳೆಯ ಹಾಗೆ ಸುತ್ತಿಕೊಂಡಿದೆ, ಹೊರಗಿನದು ಉದ್ದಕ್ಕೆ ಇದೆ. ತುತ್ತು ಗಂಟಲು ದಾಟಿದ ಕೂಡಲೇ ಮೇಲಿನಿಂದ ಹಿಂಡುತ್ತಾ ಬರುವ ಒಂದು ಅಲೆ ಅದನ್ನು ಕೆಳಗೆ ತಳ್ಳುತ್ತದೆ. ಮಂಡ್ಯದ ಕಡೆ ಮುದ್ದೆಯನ್ನು ಅಗಿಯದೆ ಸಾರಲ್ಲಿ ಅದ್ದಿ ನುಂಗುತ್ತಾರಲ್ಲ, ಆ ತುತ್ತನ್ನು ಹೊಟ್ಟೆಯವರೆಗೆ ಸಾಗಿಸುವುದು ಈ ಅಲೆ. ಹತ್ತು ಸೆಕೆಂಡಿನ ಆಸುಪಾಸಿನ ಕೆಲಸ.

ಕೆಳಗಿನ ತುದಿಯಲ್ಲಿ ಸ್ನಾಯುವಿನ ಒಂದು ಬಿಗಿಯಾದ ಭಾಗ ಇದೆ. ಅದು ಸದಾ ಮುಚ್ಚಿಕೊಂಡಿರುತ್ತದೆ. ಇಲ್ಲದಿದ್ದರೆ ಹೊಟ್ಟೆಯ ಆಸಿಡ್ ಮೇಲೆ ಬಂದು ಎದೆ ಉರಿಯುತ್ತದೆ. ನಾವು ನುಂಗಿದ ಕ್ಷಣದಲ್ಲೇ, ತುತ್ತು ಇನ್ನೂ ಮೇಲಿರುವಾಗಲೇ, ಅದು ಸಡಿಲವಾಗಲು ಶುರುವಾಗುತ್ತದೆ. ತುತ್ತು ದಾಟಿದ ಮೇಲೆ ಮತ್ತೆ ಬಿಗಿಯಾಗುತ್ತದೆ.

ಈ ಬಿಗಿ ಮತ್ತು ಸಡಿಲವನ್ನು ನೋಡಿಕೊಳ್ಳುವುದು ಎರಡು ಸ್ನಾಯು ಪದರಗಳ ನಡುವೆ ಹರಡಿಕೊಂಡಿರುವ ನರಗಳ ಬಲೆ. ಅದರಲ್ಲಿ ಬಿಗಿ ಮಾಡುವ ನರಕೋಶಗಳೂ ಇವೆ, ಸಡಿಲ ಮಾಡುವವೂ ಇವೆ. ಸಡಿಲ ಮಾಡುವವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಟ್ಟು ಸ್ನಾಯುವಿಗೆ ಸುದ್ದಿ ಮುಟ್ಟಿಸುತ್ತವೆ. ಅಕಲೇಸಿಯಾದಲ್ಲಿ ಸಾಯುವುದು ಈ ಸಡಿಲ ಮಾಡುವ ಕೋಶಗಳು. ದೇಹದ ರೋಗನಿರೋಧಕ ವ್ಯವಸ್ಥೆಯೇ ಅವುಗಳ ಮೇಲೆ ತಿರುಗಿ ಬೀಳುತ್ತದೆ ಎಂಬುದು ಈಗ ಹೆಚ್ಚು ಜನ ಒಪ್ಪುವ ವಿವರಣೆ. ತಾಯಿ ಬಸುರಿಯಲ್ಲಿ ತಿಂದದ್ದಕ್ಕೂ, ಮಗುವಿಗೆ ಕೊಟ್ಟ ಊಟಕ್ಕೂ ಇದಕ್ಕೂ ಸಂಬಂಧ ಇಲ್ಲ. ಮನೆಯಲ್ಲಿ ಯಾರಾದರೂ ಹಾಗೆ ಅಂದರೆ ಈ ಮಾತನ್ನು ಧೈರ್ಯವಾಗಿ ಹೇಳಬಹುದು.

ಪರಿಣಾಮ ಎರಡು. ಕೆಳಗಿನ ತುದಿ ತೆರೆಯುವುದಿಲ್ಲ. ಜೊತೆಗೆ, ಮೇಲಿನಿಂದ ತಳ್ಳುವ ಅಲೆಯೂ ಕೆಟ್ಟುಹೋಗುತ್ತದೆ. ಆಪರೇಷನ್ ಸರಿ ಮಾಡುವುದು ಮೊದಲನೆಯದನ್ನು ಮಾತ್ರ. ಮುಂದೆ ಬರುವ ಎಲ್ಲವೂ ಈ ಒಂದು ವಿಷಯದ ಸುತ್ತ ತಿರುಗುತ್ತದೆ.

ಯಾಕೆ ತಡವಾಗುತ್ತದೆ

ಮೊದಲು ಗ್ಯಾಸ್ಟ್ರಿಕ್ ಸಿರಪ್ ಬರುತ್ತದೆ. ಆಮೇಲೆ ರಾತ್ರಿ ಕೆಮ್ಮಿಗೆ ಇನ್ಹೇಲರ್. ಮಲಗಿದಾಗ ನಾಳದಲ್ಲಿ ನಿಂತ ನೀರು, ಊಟ ಶ್ವಾಸಕೋಶದ ಕಡೆಗೆ ಜಾರುವುದರಿಂದ ಕೆಮ್ಮು ಬರುತ್ತಿರುತ್ತದೆ. ಆದರೆ ಅದು ಅಸ್ತಮಾದಂತೆಯೇ ಕಾಣುತ್ತದೆ. ಪದೇ ಪದೇ ನ್ಯುಮೋನಿಯಾ ಆದರೂ ಎದೆಯ ಕಾಯಿಲೆ ಎಂದೇ ಚಿಕಿತ್ಸೆ ನಡೆಯುತ್ತದೆ. ಹದಿಹರೆಯದ ಹುಡುಗಿ ತೂಕ ಕಳೆದುಕೊಂಡು, ಊಟವಾದ ಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡುತ್ತಿದ್ದರೆ 'ದಪ್ಪ ಆಗ್ತೀನಿ ಅಂತ ಹೀಗೆ ಮಾಡ್ತಾಳೆ' ಎಂಬ ಹಣೆಪಟ್ಟಿ ಸಿಗುತ್ತದೆ. ಮನಸ್ಸಿನ ಕಾಯಿಲೆ ಎಂದು ಚಿಕಿತ್ಸೆ ಪಡೆದು ಆಮೇಲೆ ಅಕಲೇಸಿಯಾ ಎಂದು ಗೊತ್ತಾದ ಮಕ್ಕಳ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಒಂದೆರಡಲ್ಲ. ಹೀಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಹೋಗುತ್ತವೆ.

ಮನೆಯವರು ಗಮನಿಸಬಹುದಾದ ಕೆಲವು ಸುಳಿವುಗಳಿವೆ. ಎಲ್ಲರ ಊಟ ಮುಗಿದರೂ ಈ ಮಗುವಿನದು ಮುಗಿಯುವುದಿಲ್ಲ. ಪ್ರತಿ ತುತ್ತಿಗೂ ನೀರು ಬೇಕು. ಕೆಲವು ಮಕ್ಕಳು ಎದ್ದು ನಿಂತು, ಎದೆ ಮುಂದೆ ಮಾಡಿ, ಕತ್ತು ಹಿಂದಕ್ಕೆ ಎಳೆದು ನುಂಗುತ್ತಾರೆ. ಒಳಗಿನ ಒತ್ತಡ ಹೆಚ್ಚಿಸಿ ಊಟವನ್ನು ಕೆಳಗೆ ನೂಕುವ ಉಪಾಯ ಅದು, ಯಾರೂ ಹೇಳಿಕೊಡದೆ ಕಲಿತದ್ದು. ಇನ್ನೊಂದು ಮುಖ್ಯ ವಿಷಯ: ಗಟ್ಟಿ ಪದಾರ್ಥ ಮಾತ್ರವಲ್ಲ, ನೀರು, ಹಾಲು ಕೂಡ ಸಿಕ್ಕಿಕೊಳ್ಳುತ್ತದೆ. ಬೇರೆ ಕಾರಣದಿಂದ ನಾಳ ಕಿರಿದಾಗಿದ್ದರೆ ಸಾಮಾನ್ಯವಾಗಿ ಮೊದಲು ಚಪಾತಿ, ಮಾಂಸದಂಥವು ನಿಲ್ಲುತ್ತವೆ, ನೀರು ಸರಾಗವಾಗಿ ಹೋಗುತ್ತದೆ.

ಇನ್ನೂ ಒಂದು ಸುಳಿವು ಇದೆ. ಬಹಳ ಅಪರೂಪದ್ದು, ಆದರೆ ನಮ್ಮ ಕಡೆಯವರು ತಿಳಿದಿರಲೇಬೇಕಾದದ್ದು. ಮಗು ಅತ್ತರೆ ಕಣ್ಣೀರು ಬರುತ್ತದೆಯೇ? ಅಕಲೇಸಿಯಾ ಇರುವ ಕೆಲವು ಮಕ್ಕಳಿಗೆ ಟ್ರಿಪಲ್ ಎ ಸಿಂಡ್ರೋಮ್ ಇರುತ್ತದೆ. ಬ್ರಿಟನ್ನಿನ ಜೆರೆಮಿ ಆಲ್‌ಗ್ರೋವ್ ಮತ್ತು ಸಂಗಡಿಗರು 1978 ರಲ್ಲಿ ಇದನ್ನು ವಿವರಿಸಿದರು. ಇದರಲ್ಲಿ ಕಣ್ಣೀರು ಇರುವುದಿಲ್ಲ, ಅನ್ನನಾಳ ತೆರೆಯುವುದಿಲ್ಲ, ಮತ್ತು ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಸಾಕಷ್ಟು ಕಾರ್ಟಿಸಾಲ್ ಹಾರ್ಮೋನ್ ಮಾಡುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಮಾತ್ರ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಸೋದರಮಾವ, ಅತ್ತೆ ಮಗ ಎಂದು ಹತ್ತಿರದಲ್ಲೇ ಮದುವೆಯಾಗುವ ಕುಟುಂಬಗಳಲ್ಲಿ ಇಂಥ ಕಾಯಿಲೆಗಳ ಸಾಧ್ಯತೆ ಜಾಸ್ತಿ. 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದು ಮದುವೆ ಸಂಬಂಧದಲ್ಲೇ ಆದದ್ದು.

ಇದು ಆಪರೇಷನ್ನಿಗೆ ಯಾಕೆ ಮುಖ್ಯ? ಆಪರೇಷನ್ ಅಂದರೆ ದೇಹಕ್ಕೆ ದೊಡ್ಡ ಒತ್ತಡ. ಆಗ ಕಾರ್ಟಿಸಾಲ್ ಏರಬೇಕು. ಏರದಿದ್ದರೆ ರಕ್ತದೊತ್ತಡ, ಸಕ್ಕರೆ ಅಂಶ ಕುಸಿದು ಜೀವಕ್ಕೇ ಅಪಾಯ. ಮೊದಲೇ ಗೊತ್ತಿದ್ದರೆ ಸ್ಟೀರಾಯ್ಡ್ ಕೊಟ್ಟು ಕಾಪಾಡಬಹುದು. ಹಾಗಾಗಿ 'ಡಾಕ್ಟರೇ, ಇವನಿಗೆ ಅತ್ತರೂ ಕಣ್ಣೀರು ಬರಲ್ಲ' ಎಂಬ ಅಮ್ಮನ ಒಂದು ಮಾತಿಗೆ ಸ್ಕ್ಯಾನಿಗಿಂತ ಹೆಚ್ಚು ಬೆಲೆ ಇದೆ.

ಪರೀಕ್ಷೆಗಳು ಮೂರು. ಬಿಳಿ ಬೇರಿಯಂ ದ್ರವ ಕುಡಿಸಿ ಎಕ್ಸ್‌ರೇ ತೆಗೆಯುತ್ತಾರೆ. ಮೇಲೆ ಹಿಗ್ಗಿದ ನಾಳ, ಕೆಳಗೆ ಹಕ್ಕಿಯ ಕೊಕ್ಕಿನಂತೆ ಚೂಪಾದ ತುದಿ ಕಾಣುತ್ತದೆ. ಬೇರೆ ಅಡೆತಡೆ ಇಲ್ಲವೆಂದು ಖಚಿತ ಮಾಡಿಕೊಳ್ಳಲು ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ನಳಿಕೆ ಇಳಿಸಿ ಒಳಗೆ ನೋಡುವುದು. ಕೊನೆಯದು ಮ್ಯಾನೊಮೆಟ್ರಿ: ಮೂಗಿನಿಂದ ತೆಳು ನಳಿಕೆ ಇಳಿಸಿ, ಮಗು ನೀರು ಗುಟುಕರಿಸುವಾಗ ನಾಳದ ಪ್ರತಿ ಭಾಗದ ಒತ್ತಡ ಅಳೆಯುವುದು. ಎಚ್ಚರವಿರುವ ಐದು ವರ್ಷದ ಮಗುವಿಗೆ ಇದನ್ನು ಮಾಡಿಸುವುದು ಎಷ್ಟು ಕಷ್ಟ ಎಂದು ಊಹಿಸಿಕೊಳ್ಳಿ. ಆದರೂ ಆದಷ್ಟು ಮಾಡಿಸಬೇಕು. ಅಕಲೇಸಿಯಾದಲ್ಲಿ ಮೂರು ಬಗೆ ಇವೆ, ಯಾವ ಚಿಕಿತ್ಸೆ ಎಷ್ಟು ಫಲ ಕೊಡುತ್ತದೆ ಎಂಬುದು ಬಗೆಯ ಮೇಲೆ ನಿಂತಿದೆ. ಇನ್ನೊಂದು ಕಾರಣವೂ ಇದೆ. ಆಸಿಡ್ ಮೇಲೆ ಬರುವ ಮಕ್ಕಳಿಗೂ ಕೀಹೋಲ್ ಆಪರೇಷನ್ ಇದೆ, ಅದರಲ್ಲಿ ಜಠರದ ಮೇಲ್ಭಾಗವನ್ನು ಅನ್ನನಾಳಕ್ಕೆ ಸುತ್ತಿ ತುದಿಯನ್ನು ಬಿಗಿ ಮಾಡುತ್ತಾರೆ. ಅಕಲೇಸಿಯಾವನ್ನು ಆಸಿಡ್ ತೊಂದರೆ ಎಂದು ತಿಳಿದು ಹಾಗೆ ಪೂರ್ತಿ ಸುತ್ತಿಬಿಟ್ಟರೆ, ಮೊದಲೇ ತೆರೆಯದ ದಾರಿಯನ್ನು ಇನ್ನಷ್ಟು ಬಿಗಿದಂತೆ. ಎರಡೂ ಕಾಯಿಲೆ ಹೊರಗಿನಿಂದ ಒಂದೇ ತರಹ ಕಾಣುತ್ತವೆ, ಚಿಕಿತ್ಸೆ ಮಾತ್ರ ತದ್ವಿರುದ್ಧ.

ತಿಮಿಂಗಿಲದ ಮೂಳೆಯಿಂದ ಹೆಲ್ಲರ್‌ವರೆಗೆ

1674 ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇಂಥ ಒಬ್ಬ ರೋಗಿಯ ಬಗ್ಗೆ ಬರೆದ. ತಿಮಿಂಗಿಲದ ಬಾಯಿಂದ ತೆಗೆದ ಬಾಗುವ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿ ಅವನಿಗೆ ಕೊಟ್ಟ. ಆ ಮನುಷ್ಯ 15 ವರ್ಷ ಪ್ರತಿ ಊಟದ ನಂತರವೂ ಅದನ್ನು ಗಂಟಲಿಗೆ ಇಳಿಸಿ ತಿಂದದ್ದನ್ನು ತಾನೇ ತಳ್ಳಿಕೊಂಡ. ಕೇಳಿದರೆ ಮೈ ಜುಂ ಎನ್ನುತ್ತದೆ. ಆದರೆ ವಿಲ್ಲಿಸನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ತುದಿಯನ್ನು ಬಲವಂತವಾಗಿ ಹಿಗ್ಗಿಸಿದರೆ ಊಟ ಇಳಿಯುತ್ತದೆ. ಇವತ್ತಿನ ಬಲೂನ್ ಚಿಕಿತ್ಸೆ ಅದೇ ಯೋಚನೆಯ ಮುಂದುವರಿಕೆ.

ಕತ್ತರಿಸುವ ದಾರಿ ತೋರಿಸಿದವನು ಜರ್ಮನಿಯ ಸರ್ಜನ್ ಅರ್ನ್ಸ್ಟ್ ಹೆಲ್ಲರ್, 1913 ರಲ್ಲಿ, ಲೈಪ್‌ಜಿಗ್‌ನಲ್ಲಿ. ಅವನು ಮಾಡಿದ್ದು ಹೀಗೆ. ಸೈಕಲ್ ಚಕ್ರದಲ್ಲಿ ಹೊರಗೆ ಟೈರ್, ಒಳಗೆ ಟ್ಯೂಬ್ ಇರುತ್ತದಲ್ಲ. ಟೈರನ್ನು ಉದ್ದಕ್ಕೆ ಸೀಳಿ ಟ್ಯೂಬಿಗೆ ಏನೂ ಆಗದಂತೆ ಬಿಟ್ಟರೆ, ಸೀಳಿನಲ್ಲಿ ಟ್ಯೂಬ್ ಉಬ್ಬಿ ಹೊರಗೆ ಬರುತ್ತದೆ. ಅನ್ನನಾಳದ ಸ್ನಾಯು ಟೈರ್ ಇದ್ದ ಹಾಗೆ, ಒಳಗಿನ ತೆಳುವಾದ ಲೋಳೆಪೊರೆ ಟ್ಯೂಬ್. ಸ್ನಾಯುವನ್ನು ಸೀಳಿದರೆ ಬಿಗಿ ಹೋಗುತ್ತದೆ. ಪೊರೆ ಹಾಗೇ ಇರುವುದರಿಂದ ಊಟ, ಎಂಜಲು ಎದೆಯೊಳಗೆ ಸೋರುವುದಿಲ್ಲ. ಹೆಲ್ಲರ್ ಮುಂದೊಂದು ಹಿಂದೊಂದು ಎಂದು ಎರಡು ಸೀಳು ಹಾಕಿದ್ದ. ಮುಂದಿನ ಒಂದೇ ಸಾಕು ಎಂದು ನಂತರ ಡಚ್ ಸರ್ಜನ್‌ಗಳು ತೋರಿಸಿದರು. ನೂರು ವರ್ಷ ದಾಟಿದರೂ ಮೂಲ ಉಪಾಯ ಬದಲಾಗಿಲ್ಲ. ಬದಲಾದದ್ದು ಆ ಜಾಗವನ್ನು ತಲುಪುವ ದಾರಿ.

ಆ ದಾರಿಯೇ ಕಷ್ಟದ್ದು. ಅನ್ನನಾಳ ಎದೆಯಿಂದ ಹೊಟ್ಟೆಗೆ ಇಳಿಯುವ ಜಾಗ ಪಕ್ಕೆಲುಬುಗಳ ಕೆಳಗೆ, ಯಕೃತ್ತಿನ ಹಿಂದೆ, ಬೆನ್ನುಮೂಳೆಗೆ ಹತ್ತಿರ ಅಡಗಿದೆ. ಹಿಂದೆ ಅಲ್ಲಿಗೆ ಹೋಗಲು ಹೊಟ್ಟೆಯ ಮೇಲ್ಭಾಗವನ್ನು ಉದ್ದಕ್ಕೆ ಕುಯ್ಯಬೇಕಿತ್ತು, ಇಲ್ಲವೇ ಎಡ ಪಕ್ಕೆಲುಬುಗಳ ನಡುವೆ ಎದೆ ತೆರೆಯಬೇಕಿತ್ತು. ಎದೆ ತೆರೆದರೆ ಪ್ರತಿ ಉಸಿರಿಗೂ ನೋವು. ಬೆಳೆಯುವ ಮಕ್ಕಳಲ್ಲಿ ಮುಂದೆ ಬೆನ್ನುಮೂಳೆ ಓರೆಯಾಗುವ ಸಾಧ್ಯತೆಯೂ ಇತ್ತು.

ಹೊಟ್ಟೆಗೆ ಕ್ಯಾಮೆರಾ ಇಳಿಸಿ ಆಪರೇಷನ್ ಮಾಡುವುದು 1980 ರ ದಶಕದಲ್ಲಿ ಯುರೋಪಿನಲ್ಲಿ ಬೆಳೆಯಿತು. ಭಾರತಕ್ಕೆ 1990 ರಲ್ಲಿ ಬಂತು, ಆ ವರ್ಷ ಮುಂಬೈನಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಕೀಹೋಲ್ ಮೂಲಕ ಪಿತ್ತಕೋಶ ತೆಗೆದರು. ಮರುವರ್ಷವೇ, 1991 ರಲ್ಲಿ, ಸ್ಕಾಟ್ಲೆಂಡಿನ ಡಂಡಿಯಲ್ಲಿ ಆಲ್ಫ್ರೆಡ್ ಕುಶಿಯೆರಿ ಅವರ ತಂಡ ಹೆಲ್ಲರ್ ಆಪರೇಷನ್ನನ್ನು ಲ್ಯಾಪರೋಸ್ಕೋಪಿಯಲ್ಲಿ ಮಾಡಿದ್ದನ್ನು ಪ್ರಕಟಿಸಿತು. ಕೆಲವೇ ವರ್ಷಗಳಲ್ಲಿ ಮಕ್ಕಳಿಗೂ ಬಂತು.

ಆಪರೇಷನ್ ದಿನ

ಈ ಮಕ್ಕಳಿಗೆ ಅರಿವಳಿಕೆ ಕೊಡುವುದು ಬೇರೆ ಮಕ್ಕಳಿಗೆ ಕೊಟ್ಟಷ್ಟು ಸುಲಭ ಅಲ್ಲ. 'ರಾತ್ರಿಯಿಂದ ಏನೂ ಕೊಟ್ಟಿಲ್ಲ' ಎಂದರೂ ನಾಳದಲ್ಲಿ ಹಿಂದಿನ ದಿನದ ಊಟ ಉಳಿದಿರಬಹುದು. ಪ್ರಜ್ಞೆ ತಪ್ಪಿಸುವಾಗ ಅದು ಶ್ವಾಸಕೋಶಕ್ಕೆ ಹೋದರೆ ಆಪರೇಷನ್ನಿಗಿಂತ ದೊಡ್ಡ ತೊಂದರೆ. ಅದಕ್ಕೇ ಒಂದೆರಡು ದಿನ ಮೊದಲಿನಿಂದ ಬರೀ ತೆಳು ದ್ರವ ಕೊಡಲು ಹೇಳುತ್ತಾರೆ. ಬೇಕಾದರೆ ನಳಿಕೆ ಹಾಕಿ ನಾಳವನ್ನು ಖಾಲಿ ಮಾಡುತ್ತಾರೆ. ಔಷಧ ಕೊಟ್ಟ ಕೂಡಲೇ ತಡಮಾಡದೆ ಉಸಿರಿನ ನಳಿಕೆ ಹಾಕಿ ಶ್ವಾಸನಾಳವನ್ನು ಭದ್ರ ಮಾಡುತ್ತಾರೆ. ಮಗು ಹಸಿವೆಂದು ಅಳುತ್ತಿದೆ ಎಂದು ಅಜ್ಜಿ ಸೆರಗಿನ ಮರೆಯಲ್ಲಿ ಎರಡು ಬಿಸ್ಕತ್ತು ಕೊಡುವುದು ಈ ಆಪರೇಷನ್ನಿನಲ್ಲಂತೂ ಖಂಡಿತ ಬೇಡ.

ಹೊಕ್ಕುಳಲ್ಲಿ 5 ಮಿಲಿಮೀಟರಿನ ತೂತು ಮಾಡಿ ಕ್ಯಾಮೆರಾ ಹಾಕುತ್ತಾರೆ. ಕಾರ್ಬನ್ ಡೈಆಕ್ಸೈಡ್ ತುಂಬಿಸಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಈ ಅನಿಲವೇ ಯಾಕೆ ಅಂದರೆ ಅದು ಹೊತ್ತಿ ಉರಿಯುವುದಿಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೊರಗೆ ಹೋಗುತ್ತದೆ. ಮಕ್ಕಳಿಗೆ ಒತ್ತಡ ದೊಡ್ಡವರಿಗಿಂತ ಕಡಿಮೆ ಇಡಬೇಕು, ಯಾಕೆಂದರೆ ಉಬ್ಬಿದ ಹೊಟ್ಟೆ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು, ಮೇಲೆ ತಳ್ಳಿ ಉಸಿರಾಟಕ್ಕೆ ತಡೆಯಾಗುತ್ತದೆ. ಇನ್ನು ಮೂರು ನಾಲ್ಕು ತೂತುಗಳು 3 ಅಥವಾ 5 ಮಿಲಿಮೀಟರಿನವು. ಒಂದರಿಂದ ಯಕೃತ್ತಿನ ಎಡಭಾಗವನ್ನು ಮೇಲೆತ್ತಿ ಹಿಡಿಯುತ್ತಾರೆ. ಉಳಿದವು ಸರ್ಜನ್ ಕೈಗಳಿಗೆ.

ಈಗ ಪರದೆಯ ಮೇಲೆ ಆ ಅಡಗಿದ ಜಾಗ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ. ನನ್ನ ಪ್ರಕಾರ ಕೀಹೋಲಿನ ನಿಜವಾದ ಲಾಭ ಇದು, ಗಾಯದ ಅಳತೆ ಆಮೇಲಿನ ಮಾತು. ಮಗುವಿನ ಅನ್ನನಾಳದ ಲೋಳೆಪೊರೆ ಬಹಳ ತೆಳು, ಅದನ್ನು ಮುಟ್ಟದೆ ಅದರ ಮೇಲಿನ ಸ್ನಾಯುವನ್ನು ಎಳೆ ಎಳೆಯಾಗಿ ಬಿಡಿಸಬೇಕು. ತೆರೆದ ಆಪರೇಷನ್ನಿನಲ್ಲಿ ಆಳದಲ್ಲಿ ಇಣುಕಿ ಮಾಡುತ್ತಿದ್ದ ಕೆಲಸ ಇಲ್ಲಿ ಕಣ್ಣೆದುರೇ ನಡೆಯುತ್ತದೆ.

ನಾಳದ ಮುಂಭಾಗದಲ್ಲಿ ಹಾದುಹೋಗುವ ವೇಗಸ್ ನರವನ್ನು ಗುರುತಿಸಿ ಪಕ್ಕಕ್ಕೆ ಸರಿಸುತ್ತಾರೆ. ಅದಕ್ಕೆ ಪೆಟ್ಟಾದರೆ ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ. ಆಮೇಲೆ ಮೊದಲು ಉದ್ದದ ಸ್ನಾಯು, ನಂತರ ಬಳೆಯಂಥ ಸ್ನಾಯು. ಅದು ಬಿಟ್ಟುಕೊಳ್ಳುತ್ತಿದ್ದಂತೆ ಕೆಳಗಿನಿಂದ ಹೊಳೆಯುವ ಬಿಳಿ ಪೊರೆ ಉಬ್ಬಿ ಬರುತ್ತದೆ. ಸೀಳು ಮೇಲೆ ಅನ್ನನಾಳದಲ್ಲಿ ಸುಮಾರು 4 ರಿಂದ 5 ಸೆಂಟಿಮೀಟರ್, ಕೆಳಗೆ ಜಠರದ ಮೇಲೆ ಸುಮಾರು 2 ಸೆಂಟಿಮೀಟರ್. ಮಗುವಿನ ವಯಸ್ಸು, ಎತ್ತರ ನೋಡಿ ಇದು ಬದಲಾಗುತ್ತದೆ.

ಜಠರದ ಮೇಲಿನ ಆ ಎರಡು ಸೆಂಟಿಮೀಟರೇ ನಾಜೂಕಾದ ಭಾಗ. ಅಲ್ಲಿ ಪೊರೆ ಸ್ನಾಯುವಿಗೆ ಅಂಟಿಕೊಂಡಿರುತ್ತದೆ, ರಕ್ತ ಜಿನುಗುತ್ತದೆ, ತೂತಾಗುವ ಭಯ ಜಾಸ್ತಿ. ಆ ಭಯಕ್ಕೆ ಸ್ವಲ್ಪ ಮೊದಲೇ ನಿಲ್ಲಿಸಿದರೆ ಬಿಗಿ ಉಳಿದುಬಿಡುತ್ತದೆ. ಆಪರೇಷನ್ ಆದ ಮೇಲೂ ನುಂಗಲು ಕಷ್ಟ ಎನ್ನುವ ಮಕ್ಕಳಲ್ಲಿ ಮುಖ್ಯವಾಗಿ ಹುಡುಕುವುದು ಇದನ್ನೇ. ಅದಕ್ಕೆ ಅನೇಕ ಸರ್ಜನ್‌ಗಳು ಆಗಲೇ ಬಾಯಿಂದ ಎಂಡೋಸ್ಕೋಪ್ ಇಳಿಸಿ ದಾರಿ ಪೂರ್ತಿ ತೆರೆದಿದೆಯೇ ಎಂದು ನೋಡುತ್ತಾರೆ. ಅದೇ ಹೊತ್ತಿಗೆ ಸೋರಿಕೆಯ ಪರೀಕ್ಷೆಯೂ ಆಗುತ್ತದೆ: ಸೀಳಿದ ಜಾಗವನ್ನು ಸಲೈನಿನಲ್ಲಿ ಮುಳುಗಿಸಿ ಒಳಗಿನಿಂದ ಗಾಳಿ ಊದುತ್ತಾರೆ. ಗುಳ್ಳೆ ಬಂದರೆ ತೂತು ಇದೆ. ಅಲ್ಲೇ ಸಣ್ಣ ಹೊಲಿಗೆ ಹಾಕಿದರೆ ಆಯಿತು. ಆಗಲೇ ಕಂಡ ತೂತು ದೊಡ್ಡ ಸಮಸ್ಯೆ ಅಲ್ಲ. ಯಾರ ಕಣ್ಣಿಗೂ ಬೀಳದೆ ಎರಡು ದಿನದ ನಂತರ ಜ್ವರ, ಎದೆನೋವು ತರುವ ತೂತು ಮಾತ್ರ ಅಪಾಯದ್ದು.

ಬಿಗಿ ಹೋದ ತುದಿಯಿಂದ ಆಸಿಡ್ ಮೇಲೆ ಬರುತ್ತದಲ್ಲ, ಅದಕ್ಕೇನು? ಜಠರದ ಮುಂಭಾಗದ ಒಂದು ಮಡಿಕೆಯನ್ನು ತಂದು ಸೀಳಿನ ಮೇಲೆ ಹೊದಿಸಿ, ಸೀಳಿದ ಅಂಚುಗಳಿಗೆ ಹೊಲಿಯುತ್ತಾರೆ. ಫ್ರಾನ್ಸಿನ ಜಾಕ್ ಡೋರ್ 1962 ರಲ್ಲಿ ವಿವರಿಸಿದ ವಿಧಾನ ಇದು. ಅರ್ಧ ಸುತ್ತು ಮಾತ್ರ, ಪೂರ್ತಿ ಸುತ್ತಿದರೆ ತಳ್ಳುವ ಶಕ್ತಿ ಇಲ್ಲದ ನಾಳಕ್ಕೆ ಮತ್ತೆ ತಡೆ. ಈ ಹೊದಿಕೆ ಆಸಿಡ್ ತಡೆಯುತ್ತದೆ, ಪೊರೆಯನ್ನು ಕಾಪಾಡುತ್ತದೆ, ಸೀಳಿದ ಅಂಚುಗಳು ಮತ್ತೆ ಕೂಡಿಕೊಳ್ಳದಂತೆಯೂ ನೋಡಿಕೊಳ್ಳುತ್ತದೆ.

ಬಲೂನ್, ಬೊಟಾಕ್ಸ್, ಮತ್ತು ತೂತೇ ಇಲ್ಲದ ದಾರಿ

ಮಾತ್ರೆಗಳಿಂದ ಈ ಕಾಯಿಲೆ ಗುಣವಾಗುವುದಿಲ್ಲ. ಬೊಟಾಕ್ಸ್ ಚುಚ್ಚಿದರೆ ಕೆಲವು ತಿಂಗಳು ಬಿಗಿ ಸಡಿಲವಾಗುತ್ತದೆ, ಮತ್ತೆ ಮೊದಲಿನಂತೆ. ಪದೇ ಪದೇ ಚುಚ್ಚಿದ ಜಾಗದಲ್ಲಿ ಪದರಗಳು ಅಂಟಿಕೊಂಡು ಮುಂದಿನ ಆಪರೇಷನ್ ಕಷ್ಟವಾಗಬಹುದು. ಆಪರೇಷನ್ ತಡೆದುಕೊಳ್ಳಲಾಗದಷ್ಟು ಬಡಕಲಾದ ಮಗುವಿಗೆ ಸ್ವಲ್ಪ ಸಮಯ ಗಳಿಸಿಕೊಡಲು ಸರಿ, ಅಷ್ಟೆ.

ಬಲೂನ್ ವಿಷಯ ಹಾಗಲ್ಲ. ಗಟ್ಟಿ ಬಲೂನನ್ನು ತುದಿಯಲ್ಲಿ ಉಬ್ಬಿಸಿ ಸ್ನಾಯುವಿನ ಎಳೆಗಳನ್ನು ಹರಿಯುವುದು ಅದು. ಯುರೋಪಿನಲ್ಲಿ 201 ದೊಡ್ಡವರ ಮೇಲೆ ನಡೆದು 2011 ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ವರ್ಷದ ನಂತರ ಬಲೂನ್ 86% ಜನರಿಗೆ, ಲ್ಯಾಪರೋಸ್ಕೋಪಿ 90% ಜನರಿಗೆ ಫಲ ಕೊಟ್ಟಿತ್ತು. ಅಂಥ ದೊಡ್ಡ ವ್ಯತ್ಯಾಸ ಏನಿಲ್ಲ. ಆದರೆ ಬಲೂನನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ, ಚಿಕ್ಕ ವಯಸ್ಸಿನವರಲ್ಲಿ ತೊಂದರೆ ಬೇಗ ಮರಳುತ್ತದೆ. ಮುಂದೆ ಐವತ್ತು ಅರವತ್ತು ವರ್ಷ ಬಾಳಬೇಕಾದ ಮಗುವಿಗೆ ಇದು ಸಣ್ಣ ಮಾತಲ್ಲ. ಮಕ್ಕಳ ಸರ್ಜನ್‌ಗಳು ಹೆಚ್ಚಾಗಿ ಹೆಲ್ಲರ್ ಕಡೆ ವಾಲುವುದು ಅದಕ್ಕೆ.

ಈಗ ಹೆಲ್ಲರ್‌ಗೂ ಒಬ್ಬ ಎದುರಾಳಿ ಇದ್ದಾನೆ, ಪೋಯಮ್. ಜಪಾನಿನ ಯೊಕೊಹಾಮಾದಲ್ಲಿ ಹರುಹಿರೊ ಇನೊವೆ 2008 ರಲ್ಲಿ ಮೊದಲು ಮನುಷ್ಯರಿಗೆ ಮಾಡಿದ ವಿಧಾನ. ಹೊಟ್ಟೆಯ ಮೇಲೆ ಒಂದು ತೂತೂ ಇಲ್ಲ. ಎಂಡೋಸ್ಕೋಪನ್ನು ಬಾಯಿಂದ ಇಳಿಸಿ, ಅನ್ನನಾಳದ ಪೊರೆಯಲ್ಲಿ ಸಣ್ಣ ಬಾಗಿಲು ತೆಗೆದು, ಪೊರೆ ಮತ್ತು ಸ್ನಾಯುವಿನ ನಡುವೆ ಸುರಂಗ ಕೊರೆಯುತ್ತಾ ಕೆಳಗೆ ಹೋಗುತ್ತಾರೆ. ಸ್ನಾಯುವನ್ನು ಒಳಗಿನಿಂದ ಕತ್ತರಿಸುತ್ತಾರೆ. ವಾಪಸ್ ಬರುವಾಗ ಬಾಗಿಲಿಗೆ ಕ್ಲಿಪ್ ಹಾಕಿ ಮುಚ್ಚುತ್ತಾರೆ. 2012 ರಲ್ಲೇ ಮೂರು ವರ್ಷದ ಮಗುವಿಗೆ ಹೀಗೆ ಮಾಡಿದ ವರದಿ ಬಂತು. ನಮ್ಮ ಪಕ್ಕದ ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ ತಂಡವೂ ಮಕ್ಕಳಲ್ಲಿ ಪೋಯಮ್ ಮಾಡಿದ ಅನುಭವವನ್ನು ಪ್ರಕಟಿಸಿದೆ.

ಹಾಗಾದರೆ ಪೋಯಮ್ಮೇ ಮೇಲಲ್ಲವೇ? ಊಟ ಇಳಿಯುವ ವಿಷಯದಲ್ಲಿ ಎರಡೂ ಸಮ. 2019 ರಲ್ಲಿ ಪ್ರಕಟವಾದ, 221 ದೊಡ್ಡವರ ಅಧ್ಯಯನದಲ್ಲಿ ಎರಡು ವರ್ಷದ ಬಳಿಕ ಪೋಯಮ್ 83% ಜನರಿಗೆ, ಲ್ಯಾಪರೋಸ್ಕೋಪಿ 81.7% ಜನರಿಗೆ ಕೆಲಸ ಮಾಡಿತ್ತು. ಆದರೆ ಆಸಿಡ್‌ನಿಂದ ನಾಳದಲ್ಲಿ ಉರಿಯೂತ ಕಂಡದ್ದು ಪೋಯಮ್ ಆದವರಲ್ಲಿ 44%, ಲ್ಯಾಪರೋಸ್ಕೋಪಿ ಆದವರಲ್ಲಿ 29%. ಕಾರಣ ಸರಳ. ಪೋಯಮ್‌ನಲ್ಲಿ ಡೋರ್ ಹೊದಿಕೆ ಇಲ್ಲ. ದಶಕಗಟ್ಟಲೆ ಆಸಿಡ್ ಮಾತ್ರೆ ನುಂಗುವುದೋ, ಹೊಟ್ಟೆಯ ಮೇಲೆ ನಾಲ್ಕು ಚುಕ್ಕಿ ಉಳಿಯುವುದೋ ಎಂದು ಕೇಳಿದರೆ, ಬಹುಪಾಲು ಮಕ್ಕಳಿಗೆ ನಾನು ಚುಕ್ಕಿಗಳ ಪರ. ಇದಕ್ಕೆ ಹೊರತಾದವರೂ ಇದ್ದಾರೆ. ನಾಳ ಉದ್ದಕ್ಕೂ ಸೆಟೆದುಕೊಳ್ಳುವ ಮೂರನೇ ಬಗೆಯಲ್ಲಿ ಸೀಳು ಎದೆಯೊಳಗೆ ಮೇಲಿನವರೆಗೂ ಬೇಕು, ಅದು ಪೋಯಮ್‌ನಲ್ಲಿ ಸುಲಭ. ಒಮ್ಮೆ ಹೆಲ್ಲರ್ ಮಾಡಿ ವಿಫಲವಾಗಿದ್ದರೂ ಪೋಯಮ್ ಒಳ್ಳೆಯ ಆಯ್ಕೆ. ಇವೆಲ್ಲಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ಆ ಆಸ್ಪತ್ರೆಯವರಿಗೆ ಯಾವುದರಲ್ಲಿ ಕೈ ಪಳಗಿದೆ ಎಂಬುದನ್ನು. ಇಷ್ಟು ಅಪರೂಪದ ಕಾಯಿಲೆಗೆ ಮಕ್ಕಳ ಸರ್ಜರಿ ವಿಭಾಗ, ಮಕ್ಕಳ ಅರಿವಳಿಕೆ ತಜ್ಞರು, ಐಸಿಯು ಎಲ್ಲ ಒಂದೇ ಕಡೆ ಇರುವ ದೊಡ್ಡ ಕೇಂದ್ರಕ್ಕೆ ಹೋಗುವುದೇ ಸರಿ. 'ಮಕ್ಕಳಲ್ಲಿ ಇದನ್ನು ಎಷ್ಟು ಮಾಡಿದ್ದೀರಿ?' ಎಂದು ಕೇಳಲು ಸಂಕೋಚ ಬೇಡ. ಅನುಭವ ಇರುವ ಸರ್ಜನ್‌ಗೆ ಆ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ.

ಮನೆಗೆ ಬಂದ ಮೇಲೆ

ಸಾಮಾನ್ಯವಾಗಿ ಮರುದಿನ ನೀರು ಗುಟುಕಿಸುತ್ತಾರೆ. ಎರಡು ಮೂರು ದಿನಕ್ಕೆ ಮನೆ. ಭುಜ ನೋವು ಎಂದರೆ ಗಾಬರಿ ಬೇಡ, ಉಳಿದ ಅನಿಲ ವಪೆಯನ್ನು ಕೆಣಕಿದ್ದು ಭುಜದಲ್ಲಿ ಗೊತ್ತಾಗುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ. ಜ್ವರ, ಎದೆನೋವು, ಉಸಿರಾಟದ ಕಷ್ಟ, ಕತ್ತಿನ ಚರ್ಮದ ಕೆಳಗೆ ಗಾಳಿ ತುಂಬಿದಂತೆ ಉಬ್ಬು, ಇವು ಕಂಡರೆ ಮಾತ್ರ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು.

ಮೊದಲ ಎರಡು ವಾರ ರಾಗಿ ಗಂಜಿ, ಮೆತ್ತಗೆ ಕಲಸಿದ ಮೊಸರನ್ನ, ಸೋಸಿದ ಬೇಳೆ ಕಟ್ಟು, ಹಿಸುಕಿದ ಬಾಳೆಹಣ್ಣು. ಇಡ್ಲಿಯನ್ನು ಸಾಂಬಾರಿನಲ್ಲಿ ಚೆನ್ನಾಗಿ ನೆನೆಸಿ ಕೊಡಬಹುದು. ಚಪಾತಿ, ಒಣ ಚಿಕನ್, ಬ್ರೆಡ್ಡು ಕೊನೆಯಲ್ಲಿ. ಮುದ್ದೆ ಪ್ರಿಯ ಮನೆಗಳಲ್ಲಿ ಬೇಸರವಾಗಬಹುದು, ಆದರೆ ನುಂಗಿಬಿಡುವ ಊಟ ಈ ಮಗುವಿಗೆ ಇನ್ನು ಮುಂದೆ ಅಗಿಯುವ ಊಟವಾಗಬೇಕು.

ಯಾಕೆಂದರೆ ತಳ್ಳುವ ಅಲೆ ಹೆಚ್ಚಿನ ಮಕ್ಕಳಲ್ಲಿ ಮರಳಿ ಬರುವುದಿಲ್ಲ. ದಾರಿ ತೆರೆದಿದೆ, ಊಟ ತನ್ನ ಭಾರದಿಂದಲೇ ಇಳಿಯಬೇಕು. ನೆಟ್ಟಗೆ ಕೂತು ತಿನ್ನುವುದು, ಚೆನ್ನಾಗಿ ಅಗಿಯುವುದು, ನಡುನಡುವೆ ನೀರು ಕುಡಿಯುವುದು, ಮಲಗುವ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸುವುದು, ಮಂಚದ ತಲೆಕಡೆ ಸ್ವಲ್ಪ ಎತ್ತರ ಮಾಡುವುದು ಬಾಳಿನುದ್ದಕ್ಕೂ ಅಭ್ಯಾಸವಾಗಬೇಕು. ಶಾಲೆಯಲ್ಲೂ ಹೇಳಿಡಿ. ಹದಿನೈದು ನಿಮಿಷದ ಊಟದ ಬಿಡುವು ಈ ಮಕ್ಕಳಿಗೆ ಸಾಲುವುದಿಲ್ಲ, ನೀರಿನ ಬಾಟಲಿ ಬೆಂಚಿನ ಮೇಲೇ ಇರಬೇಕು. ಇದನ್ನು ಮೊದಲೇ ತಿಳಿದ ಹೆತ್ತವರು, ಆರು ತಿಂಗಳ ನಂತರ ಮಗು ಒಮ್ಮೆ ಚಪಾತಿ ಸಿಕ್ಕಿಸಿಕೊಂಡರೆ 'ಆಪರೇಷನ್ ಫೇಲ್ ಆಯ್ತು' ಎಂದು ಹೆದರುವುದಿಲ್ಲ. ತೂಕ ಏರುತ್ತಿದೆಯೇ, ರಾತ್ರಿ ಕೆಮ್ಮು ನಿಂತಿದೆಯೇ, ದಿಂಬು ಒಣಗಿದೆಯೇ, ಇವನ್ನು ನೋಡಬೇಕು. ಕೆಲವು ಮಕ್ಕಳಿಗೆ ತೊಂದರೆ ನಿಜವಾಗಿಯೇ ಮರಳುತ್ತದೆ. ಆಗ ಬಲೂನ್ ಒಮ್ಮೆ ಸಾಕಾಗಬಹುದು, ಇಲ್ಲವೇ ಎರಡನೇ ಆಪರೇಷನ್ ಅಥವಾ ಪೋಯಮ್.

ಟ್ರಿಪಲ್ ಎ ಎಂದು ಖಚಿತವಾದರೆ ಅಣ್ಣ ತಮ್ಮ, ಅಕ್ಕ ತಂಗಿಯರನ್ನೂ ಪರೀಕ್ಷೆ ಮಾಡಿಸಬೇಕು, ಅವರಿಗೆ ನುಂಗುವ ತೊಂದರೆ ಇಲ್ಲದಿದ್ದರೂ ಸರಿ. ಕಾರ್ಟಿಸಾಲ್ ಕೊರತೆ ಮೊದಲು ಸದ್ದಿಲ್ಲದೆ ಇರುತ್ತದೆ, ಒಂದು ಜ್ವರದಲ್ಲಿ ಏಕಾಏಕಿ ಹೊರಗೆ ಬರುತ್ತದೆ.

ಹಲವು ದಶಕಗಳ ನಂತರ ಅನ್ನನಾಳದ ಕ್ಯಾನ್ಸರ್ ಬರುವ ಸಾಧ್ಯತೆ ಇವರಲ್ಲಿ ಉಳಿದವರಿಗಿಂತ ಹೆಚ್ಚು. ಹಾಗಾಗಿ ಆರಾಮಾಗಿದ್ದರೂ ಆಗಾಗ ತಜ್ಞರಿಗೆ ತೋರಿಸಿಕೊಳ್ಳಬೇಕು. 18 ದಾಟಿದ ಮೇಲೆ ಮಕ್ಕಳ ವಿಭಾಗದವರು ನೋಡುವುದಿಲ್ಲ, ದೊಡ್ಡವರ ಡಾಕ್ಟರಿಗೆ ಹಿಂದಿನ ಕಥೆ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ದಿನ ಬಿಲ್ಲಿನ ಜೊತೆಗೆ ಆಪರೇಷನ್ ನೋಟ್ಸಿನ ಪ್ರತಿಯನ್ನೂ ಕೇಳಿ ಪಡೆದುಕೊಳ್ಳಿ. ಸೀಳು ಎಷ್ಟು ಉದ್ದ, ಜಠರದ ಮೇಲೆ ಎಷ್ಟು, ಹೊದಿಕೆ ಡೋರ್ ಬಗೆಯದೋ ಬೇರೆಯದೋ, ಪೊರೆ ಎಲ್ಲಾದರೂ ತೂತಾಗಿತ್ತೇ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಮುಂದೆ ಬಲೂನ್ ಹಾಕಬೇಕಾದವರಿಗೂ ಪೋಯಮ್ ಮಾಡಬೇಕಾದವರಿಗೂ ಮೊದಲು ಬೇಕಾಗುವುದು ಆ ಕಾಗದ. ಫೋನಿನಲ್ಲಿ ಒಂದು ಫೋಟೋ, ಫೈಲಿನಲ್ಲಿ ಒಂದು ಜೆರಾಕ್ಸ್ ಇಟ್ಟಿರಿ.